ಟಕ್ ಅಂದ ಕೂಡಲೇ ಬೆರಳು ನಿಲ್ಲಬೇಕು: ಕ್ಲಿಕ್ಕಿ ಕೀಬೋರ್ಡ್ ಆರಿಸುವುದು ಹೇಗೆ?

ದಿನಕ್ಕೆ ಏಳೆಂಟು ಗಂಟೆ ಕನ್ನಡ ಟೈಪ್ ಮಾಡುವುದೇ ನನ್ನ ಕೆಲಸ. ಮೂರು ವರ್ಷದ ಹಿಂದೆ ಆನ್‌ಲೈನ್‌ನಲ್ಲಿ ಒಂದು ಮೆಕ್ಯಾನಿಕಲ್ ಕೀಬೋರ್ಡ್ ತರಿಸಿದೆ. ವಿಡಿಯೊದಲ್ಲಿ ಅದರ ಟಕ್ ಟಕ್ ಸದ್ದು ಕೇಳಿ ಮನಸೋತು ಕೊಂಡಿದ್ದು. ಒಳಗಿನ ಸ್ವಿಚ್ ಯಾವುದು, ಎಷ್ಟು ಗಟ್ಟಿ ಅಂತ ನೋಡಿರಲಿಲ್ಲ. ಹದಿನೈದೇ ದಿನಕ್ಕೆ ಎಡಗೈ ಕಿರುಬೆರಳು ನೋಯಲು ಶುರುವಾಯಿತು. ರಾತ್ರಿ ಮಲಗಿದರೂ ಬೆರಳಿನ ಬುಡದಲ್ಲಿ ಜುಮ್ಮೆನ್ನುತ್ತಿತ್ತು. ಕೊನೆಗೆ ಅದನ್ನು ಎತ್ತಿಟ್ಟು ಹಳೆಯ ರಬ್ಬರ್ ಕೀಬೋರ್ಡಿಗೇ ವಾಪಸ್ ಬಂದೆ.

ಆಮೇಲೆ ಅಂಗಡಿ ಅಂಗಡಿ ಸುತ್ತಿ, ಒತ್ತಿ ನೋಡಿ, ಸ್ವಿಚ್ ಬಿಚ್ಚಿ ನೋಡಿ ಕಲಿತದ್ದು ಇಲ್ಲಿದೆ. ಮುಖ್ಯವಾಗಿ ಕನ್ನಡ ಟೈಪ್ ಮಾಡುವವರಿಗಾಗಿ ಬರೆಯುತ್ತಿದ್ದೇನೆ. ಯಾಕೆಂದರೆ ಕನ್ನಡದಲ್ಲಿ ಬೆರಳುಗಳ ಮೇಲೆ ಬೀಳುವ ಭಾರವೇ ಬೇರೆ.

ಹೆಜ್ಜೆ 1: ಟಕ್ ಅನ್ನುವುದು ಯಾಕೆ, ತಿಳಿದುಕೊಳ್ಳಿ

ಮಾಮೂಲಿ ಕೀಬೋರ್ಡಿನಲ್ಲಿ ಪ್ರತಿ ಕೀ ಕೆಳಗೆ ರಬ್ಬರಿನ ಪುಟ್ಟ ಗುಮ್ಮಟ ಇರುತ್ತದೆ. ಅದನ್ನು ತಳ ಮುಟ್ಟುವಷ್ಟು ಒತ್ತಿದರೇ ಅಕ್ಷರ ಬೀಳುವುದು. ಹಾಗಾಗಿ ಬೆರಳು ದಿನವಿಡೀ ತಳಕ್ಕೆ ಕುಟ್ಟುತ್ತಲೇ ಇರುತ್ತದೆ.

ಮೆಕ್ಯಾನಿಕಲ್ ಕೀಬೋರ್ಡಿನಲ್ಲಿ ಪ್ರತಿ ಕೀಗೂ ಅದರದ್ದೇ ಸ್ವಿಚ್ ಇದೆ. ಒಳಗೊಂದು ಸ್ಪ್ರಿಂಗ್, ಮೇಲೆ ಕೆಳಗೆ ಜಾರುವ ಪ್ಲಾಸ್ಟಿಕ್ ಕಾಂಡ, ಪಕ್ಕದಲ್ಲಿ ತೆಳು ಲೋಹದ ಎಲೆ. ಒತ್ತಿದಾಗ ಟಕ್ ಅನ್ನುವ ಸ್ವಿಚ್ಚಿಗೆ ಕ್ಲಿಕ್ಕಿ ಅನ್ನುತ್ತಾರೆ. ಅವುಗಳಲ್ಲಿ ಹೆಚ್ಚು ಹೆಸರು ಮಾಡಿದ್ದು ಜರ್ಮನಿಯ ಚೆರ್ರಿ ಕಂಪನಿಯ ಎಂಎಕ್ಸ್ ಬ್ಲೂ. ಅದರ ನೀಲಿ ಕಾಂಡದ ಸುತ್ತ ಬಿಳಿಯ ಸಣ್ಣ ಕೊರಳಪಟ್ಟಿಯಂಥ ತುಂಡು ಸಡಿಲವಾಗಿ ಕೂತಿರುತ್ತದೆ. ಕೀ ಒತ್ತುತ್ತಾ ಹೋದಂತೆ ಅದು ಒಂದು ಕಡೆ ತಡೆದು ನಿಲ್ಲುತ್ತದೆ. ಇನ್ನೂ ಸ್ವಲ್ಪ ಒತ್ತಿದರೆ ತಟ್ಟನೆ ಕೆಳಗೆ ಚಿಮ್ಮುತ್ತದೆ. ಆ ಚಿಮ್ಮಿದ ಪೆಟ್ಟೇ ನಮಗೆ ಕೇಳುವ ಟಕ್.

ಈ ಕೀ ಒಟ್ಟು 4 ಮಿಲಿಮೀಟರ್ ಇಳಿಯುತ್ತದೆ. ಅಕ್ಷರ ಬೀಳುವುದು 2.2 ಮಿಲಿಮೀಟರ್ ಇಳಿದಾಗಲೇ. ಟಕ್ ಕೇಳುವುದೂ ಆಗಲೇ. ಉಳಿದ 1.8 ಮಿಲಿಮೀಟರ್ ಒತ್ತಿದರೂ ಒಂದೇ, ಬಿಟ್ಟರೂ ಒಂದೇ. ಕ್ಲಿಕ್ಕಿ ಕೀಬೋರ್ಡಿನ ಸುಖ ಇರುವುದು ಇಲ್ಲೇ. ಅಕ್ಷರ ಬಿತ್ತು, ಇನ್ನು ಬಿಡು ಅಂತ ಸ್ವಿಚ್ಚೇ ಬೆರಳಿಗೆ ಹೇಳುತ್ತದೆ. ಆ ಮಾತು ಕೇಳಿ ನಿಲ್ಲುವಷ್ಟು ಹಗುರವಾಗಿ ನಿಮ್ಮ ಬೆರಳು ಆಡಬೇಕು. ಕೊಳ್ಳುವಾಗ ನೋಡಬೇಕಾದ ಮಿಕ್ಕ ಎಲ್ಲವೂ ಈ ಒಂದು ವಿಷಯಕ್ಕೇ ಬಂದು ಸೇರುತ್ತದೆ.

ಹೆಜ್ಜೆ 2: ನಿಮ್ಮ ಯಾವ ಬೆರಳಿಗೆ ಕೆಲಸ ಜಾಸ್ತಿ, ನೋಡಿ

ಇಂಗ್ಲಿಷ್ ಟೈಪ್ ಮಾಡುವವರಿಗೆ ಎಫ್ ಕೀ ಅಷ್ಟಾಗಿ ಬೇಕಾಗುವುದಿಲ್ಲ. ನುಡಿಯಲ್ಲಿ, ಅಂದರೆ ಕೆ.ಪಿ. ರಾವ್ ಅವರ ವಿನ್ಯಾಸವನ್ನು ಅನುಸರಿಸಿದ ಕೀಲಿಮಣೆಯಲ್ಲಿ, ಒತ್ತಕ್ಷರ ಮೂಡಿಸುವುದೇ ಎಫ್. ಸುಮ್ನೆ 'ಸ್ವಾತಂತ್ರ್ಯ' ಅಂತ ಟೈಪ್ ಮಾಡಿ ನೋಡಿ. ಎಸ್, ಎಫ್, ವಿ, ಶಿಫ್ಟ್ ಹಿಡಿದು ಎ, ಟಿ, ಶಿಫ್ಟ್ ಹಿಡಿದು ಎಂ, ಟಿ, ಎಫ್, ಆರ್, ಎಫ್, ವೈ. ಒಂದೇ ಪದಕ್ಕೆ ಎಫ್ ಮೂರು ಸಲ, ಶಿಫ್ಟ್ ಎರಡು ಸಲ. ದೀರ್ಘಕ್ಕೆ ಶಿಫ್ಟ್, ಮಹಾಪ್ರಾಣಕ್ಕೆ ಶಿಫ್ಟ್, ಸೊನ್ನೆಗೂ ಶಿಫ್ಟ್. ಇನ್‌ಸ್ಕ್ರಿಪ್ಟ್ ಅನ್ನುವ ಇನ್ನೊಂದು ವಿನ್ಯಾಸ ಬಳಸುವವರಿಗೆ ಒತ್ತಕ್ಷರದ ಕೆಲಸ ಡಿ ಕೀಗೆ ಹೋಗುತ್ತದೆ. ಶಿಫ್ಟ್ ಕಾಟ ಅಲ್ಲೂ ಇದೆ.

ಶಿಫ್ಟ್ ಒತ್ತುವುದು ಕಿರುಬೆರಳು. ಕೈಯಲ್ಲಿ ಬಲ ಕಡಿಮೆ ಇರುವ ಬೆರಳು ಅದೇ ಅಲ್ವಾ? ನನ್ನ ಕಿರುಬೆರಳು ಯಾಕೆ ನೋಯಿತು ಅಂತ ಗೊತ್ತಾಗಿದ್ದು ಈ ಲೆಕ್ಕ ಹಾಕಿದ ಮೇಲೆ. ಇಂಗ್ಲಿಷಿನವರಿಗೆ ಹಿತವಾದ ಬಿಗಿ ನಮಗೆ ಜಾಸ್ತಿ ಅನಿಸಬಹುದು. ಆದ್ದರಿಂದ ಎರಡು ಸ್ವಿಚ್‌ಗಳ ನಡುವೆ ತೂಗಾಡುತ್ತಿದ್ದರೆ ಹಗುರವಾದದ್ದನ್ನೇ ಆರಿಸಿ.

ಹೆಜ್ಜೆ 3: ಬಣ್ಣ ನಂಬಬೇಡಿ, ಅಂಕಿ ನೋಡಿ

ನೀಲಿ ಅಂದರೆ ಕ್ಲಿಕ್ಕಿ ಅನ್ನುವುದು ರೂಢಿ. ಕೈಲ್, ಗೇಟೆರಾನ್, ಔಟೆಮು ಕಂಪನಿಗಳೆಲ್ಲ ನೀಲಿ ಸ್ವಿಚ್ಚಿಗೆ ಈ ರೂಢಿಯನ್ನೇ ಹಿಡಿದಿವೆ. ಉಳಿದ ಬಣ್ಣಗಳಿಗೆ ಹೀಗೊಂದು ನಿಯಮ ಇಲ್ಲ. ಚೆರ್ರಿಯ ಹಸಿರು ಮತ್ತು ರೇಜರ್ ಕಂಪನಿಯ ಹಸಿರು ಎರಡೂ ಕ್ಲಿಕ್ಕಿಯೇ. ಆದರೆ ಚೆರ್ರಿಯದಕ್ಕೆ ಸುಮಾರು 80 ಗ್ರಾಂ ಭಾರ ಬೇಕು, ರೇಜರ್‌ನದಕ್ಕೆ 50 ಸಾಕು. ಕೈಲ್ ಬಾಕ್ಸ್ ವೈಟ್ ಟಕ್ ಅನ್ನುತ್ತದೆ, ಗೇಟೆರಾನ್‌ನ ಬಿಳಿ ಅನ್ನುವುದೇ ಇಲ್ಲ.

ಎಂಎಕ್ಸ್ ಬ್ಲೂಗೆ ಬೇಕಾಗುವುದು ಸುಮಾರು 60 ಗ್ರಾಂ. ದಿನವಿಡೀ ಕನ್ನಡ ಟೈಪ್ ಮಾಡುವವರಿಗೆ ಅದಕ್ಕಿಂತ ಮೇಲೆ ಹೋಗಬೇಡಿ ಅಂತಲೇ ನಾನು ಹೇಳುತ್ತೇನೆ. ಟೈಪಿಂಗ್ ಇನ್‌ಸ್ಟಿಟ್ಯೂಟಿನಲ್ಲಿ ಟೈಪ್‌ರೈಟರ್ ಮೇಲೆ ಕಲಿತವರಿಗೆ 60 ಗ್ರಾಂ ಹೂವಿನಂತೆ ಅನಿಸಬಹುದು. ಅವರ ಬೆರಳು ಕುಟ್ಟಿ ಕುಟ್ಟಿ ಪಳಗಿದೆ. ಮೊಬೈಲ್, ಲ್ಯಾಪ್‌ಟಾಪ್ ಮೇಲೆ ಬೆಳೆದವರು ಬಾಕ್ಸ್ ವೈಟ್‌ನಂಥ ಇನ್ನೂ ಹಗುರವಾದದ್ದರಿಂದ ಶುರು ಮಾಡಿದರೆ ಒಳ್ಳೆಯದು.

ಇವುಗಳ ಟಕ್ ಕೂಡ ಒಂದೇ ಥರ ಅಲ್ಲ. ಕೈಲ್ ಬಾಕ್ಸ್ ಸರಣಿಯಲ್ಲಿ ಆ ಬಿಳಿಯ ತುಂಡಿನ ಬದಲು ಒಂದು ಸಣ್ಣ ಲೋಹದ ಕಡ್ಡಿ ಮಿಡಿಯುತ್ತದೆ. ಸದ್ದು ಚೊಕ್ಕ, ಬೆರಳಿಗೆ ಸಿಗುವ ಸುಳಿವೂ ಸ್ಪಷ್ಟ. ಆ ಸರಣಿಯಲ್ಲೇ ಬರುವ ಜೇಡ್ ಮತ್ತು ನೇವಿಯಲ್ಲಿ ಕಡ್ಡಿ ದಪ್ಪ, ಒತ್ತಲೂ ಹೆಚ್ಚು ಬಲ ಬೇಕು. ಕೇಳಲು ಸೊಗಸು ಹೌದು, ಎಂಟು ಗಂಟೆ ಕೆಲಸಕ್ಕೆ ಬೇಡ.

'ಮೆಕ್ಯಾನಿಕಲ್ ಫೀಲ್' ಅಂತ ಪೆಟ್ಟಿಗೆ ಮೇಲೆ ಬರೆದಿದ್ದರೆ ಅದನ್ನು ಅಲ್ಲೇ ಕೆಳಗಿಡಿ. ಒಳಗಿರುವುದು ಅದೇ ರಬ್ಬರ್ ಗುಮ್ಮಟ. ನಿಜವಾದ ಮೆಕ್ಯಾನಿಕಲ್ ಆದರೆ ಸ್ವಿಚ್ಚಿನ ಹೆಸರು ಸಾಮಾನ್ಯವಾಗಿ ಪೆಟ್ಟಿಗೆ ಮೇಲೇ ಇರುತ್ತದೆ.

ಹೆಜ್ಜೆ 4: ಹತ್ತು ರೂಪಾಯಿ ನಾಣ್ಯದಿಂದ ತೂಗಿ ನೋಡಿ

ಪೆಟ್ಟಿಗೆ ಮೇಲಿನ ಅಂಕಿಯನ್ನು ನೀವೇ ಪರೀಕ್ಷೆ ಮಾಡಬಹುದು. ಎರಡು ಬಣ್ಣದ ಹತ್ತು ರೂಪಾಯಿ ನಾಣ್ಯ ಒಂದರ ತೂಕ ಸುಮಾರು 7.7 ಗ್ರಾಂ. ಎಂಟು ನಾಣ್ಯ ಒಂದರ ಮೇಲೊಂದು ಇಟ್ಟು, ಜಾರದ ಹಾಗೆ ಸುತ್ತ ಸೆಲ್ಲೋಟೇಪ್ ಅಂಟಿಸಿ. ಸುಮಾರು 62 ಗ್ರಾಂನ ಪುಟ್ಟ ಕಂಬ ರೆಡಿ. ಆರು ನಾಣ್ಯದ್ದು ಇನ್ನೊಂದು ಮಾಡಿ, ಅದು 46 ಗ್ರಾಂ.

ಇದನ್ನು ಎಡತುದಿಯ ಎಸ್ಕೇಪ್ ಕೀ ಮೇಲೆ ಇಡಿ. ದೊಡ್ಡ ಕೀಬೋರ್ಡಿನಲ್ಲಿ ಆ ಕೀ ಸುತ್ತ ಜಾಗ ಖಾಲಿ ಇರುತ್ತದೆ. ಬೇರೆ ಕಡೆ ಇಟ್ಟರೆ ನಾಣ್ಯದ ಅಂಚು ಪಕ್ಕದ ಕೀಗೆ ತಗಲಿ ಲೆಕ್ಕ ತಪ್ಪುತ್ತದೆ. ಕಂಬ ವಾಲದಂತೆ ಮೇಲಿನಿಂದ ಬೆರಳು ಸೋಕಿಸಿ ಹಿಡಿಯಿರಿ, ಒತ್ತಬೇಡಿ. ಎಂಟರ ಕಂಬಕ್ಕೆ ಕೀ ಟಕ್ ಅಂದು ಇಳಿದರೆ ಅದು ಬ್ಲೂ ಅಥವಾ ಅದಕ್ಕಿಂತ ಹಗುರ. ಆರರ ಕಂಬಕ್ಕೇ ಇಳಿದರೆ ತೀರಾ ಹಗುರ, ಬೆರಳು ಸುಮ್ಮನೆ ಇಟ್ಟರೂ ಅಕ್ಷರ ಬೀಳುವ ಸಾಧ್ಯತೆ ಇದೆ. ಎಂಟಕ್ಕೂ ಜಗ್ಗದಿದ್ದರೆ ನಿಮ್ಮ ಕಿರುಬೆರಳನ್ನು ನೆನಪಿಸಿಕೊಳ್ಳಿ.

ಹೆಜ್ಜೆ 5: ಅಂಗಡಿಗೆ ಹೋಗಿ, ಕುಳಿತು ಒತ್ತಿ ನೋಡಿ

ಬೆಂಗಳೂರಿನವರಿಗೆ ಎಸ್‌ಪಿ ರಸ್ತೆ ಇದೆ. ಬೇರೆ ಊರಿನವರು ಕೆಲಸದ ಜಾಗದಲ್ಲಿ, ಸ್ನೇಹಿತರ ಮನೆಯಲ್ಲಿ ಯಾರ ಹತ್ತಿರವಾದರೂ ಇದೆಯಾ ಕೇಳಿ. ಹಳೆಯ ಡಿಟಿಪಿ ಅಂಗಡಿಗಳಲ್ಲಿ ಟಿವಿಎಸ್ ಗೋಲ್ಡ್ ಸಿಕ್ಕರೂ ಸಿಗಬಹುದು. ನಮ್ಮಲ್ಲಿ ಎಷ್ಟೋ ಜನ ಮೊದಲ ಸಲ ಟಕ್ ಟಕ್ ಕೇಳಿದ್ದು ಅದರಲ್ಲೇ. ಹಿಂದೆ ಅದರೊಳಗೆ ಎಂಎಕ್ಸ್ ಬ್ಲೂ ಇರುತ್ತಿತ್ತು. ಈಗ ಕೊಳ್ಳುವುದಾದರೆ ಯಾವ ಸ್ವಿಚ್ ಇದೆ ಅಂತ ಕೇಳಿಯೇ ತೆಗೆದುಕೊಳ್ಳಿ.

ಅಂಗಡಿಯಲ್ಲಿ ಕಂಪ್ಯೂಟರಿಗೆ ಜೋಡಿಸಿ ತೋರಿಸದಿದ್ದರೂ ಚಿಂತೆ ಇಲ್ಲ. ಟಕ್ ಬರುವುದು ಕರೆಂಟಿನಿಂದಲ್ಲ, ಒಳಗಿನ ತುಂಡಿನಿಂದ. ಕೀಬೋರ್ಡನ್ನು ಮೇಜಿನ ಮೇಲೆ ಇಟ್ಟು, ಸಾಧ್ಯವಾದರೆ ಕುರ್ಚಿ ಎಳೆದುಕೊಂಡು ಕೂತು, 'ಸ್ವಾತಂತ್ರ್ಯ' ಅಂತ ಹತ್ತು ಸಲ ಟೈಪ್ ಮಾಡಿ. ನಿಂತುಕೊಂಡು ಒಂದು ಬೆರಳಲ್ಲಿ ಕುಟ್ಟಿ ನೋಡಿದರೆ ಏನೂ ಗೊತ್ತಾಗುವುದಿಲ್ಲ.

ಟೈಪ್ ಮಾಡುವಾಗ ಕಿವಿಗೊಟ್ಟು ಕೇಳಿ. ಎರಡು ಸದ್ದು ಬರುತ್ತವೆ. ಚೂಪಾದ ಟಕ್, ಅದು ಸ್ವಿಚ್ಚಿನದು. ಹಿಂದೆಯೇ ದಪ್ಪಗಿನ ಠಪ್, ಅದು ಕೀ ತಳಕ್ಕೆ ಬಡಿದದ್ದು. ಯಾವ ಕೀಬೋರ್ಡಿನಲ್ಲಿ ನಿಮ್ಮಿಂದ ಠಪ್ ಕಡಿಮೆ ಬರುತ್ತದೋ ಅದು ನಿಮ್ಮ ಬೆರಳಿಗೆ ಹೊಂದುವ ಕೀಬೋರ್ಡ್.

ಹೆಜ್ಜೆ 6: ಗಾತ್ರ ಆರಿಸಿ

ಪೂರ್ತಿ ಕೀಬೋರ್ಡಿನಲ್ಲಿ 104 ಕೀ. ಬಲಗಡೆಯ ಅಂಕಿಗಳ ಕಟ್ಟು ತೆಗೆದರೆ 87. ಟ್ಯಾಲಿ ಮಾಡುವವರಿಗೆ, ಲೆಕ್ಕದ ಕೆಲಸದವರಿಗೆ 104 ಬೇಕೇ ಬೇಕು. ಬರೀ ಬರವಣಿಗೆ ಆದರೆ 87 ತೆಗೆದುಕೊಳ್ಳಿ. ಮೌಸ್ ಹತ್ತಿರ ಬರುತ್ತದೆ, ಬಲಭುಜ ಹೊರಗೆ ಚಾಚುವುದು ತಪ್ಪುತ್ತದೆ. ಇನ್ನೂ ಚಿಕ್ಕವುಗಳಲ್ಲಿ ಬಾಣದ ಕೀಗೆ ಜಾಗ ಮಾಡಲು ಬಲಗಡೆಯ ಶಿಫ್ಟ್ ಕುಗ್ಗಿಸಿರುತ್ತಾರೆ. ಎಡಗಡೆ ಶಿಫ್ಟ್ ಗಿಡ್ಡ ಇರುವ ಬ್ರಿಟಿಷ್ ಮಾದರಿಯೂ ಅಪರೂಪಕ್ಕೆ ಸಿಗುತ್ತದೆ. ಕನ್ನಡಕ್ಕೆ ಅದು ಬೇಡವೇ ಬೇಡ.

ಹೆಜ್ಜೆ 7: ಸ್ವಿಚ್ ಕಳಚಿ ಹಾಕಲು ಬರುತ್ತದೆಯೇ ಕೇಳಿ

ಹಾಟ್‌ಸ್ವಾಪ್ ಇರುವ ಕೀಬೋರ್ಡಿನಲ್ಲಿ ಸ್ವಿಚ್ಚನ್ನು ಬೆಸುಗೆ ಬಿಡಿಸದೆ ಚಿಮಟದಿಂದ ಎಳೆದು ತೆಗೆಯಬಹುದು. ಸ್ವಲ್ಪ ದುಡ್ಡು ಜಾಸ್ತಿ ಆದರೂ ಇದನ್ನೇ ಕೊಳ್ಳಿ ಅಂತ ಒತ್ತಿ ಹೇಳುತ್ತೇನೆ. ನಾನು ಮಾಡಿದ್ದು ಇಷ್ಟೇ. ಎಲ್ಲ ಕೀಗೂ ನೀಲಿ ಸ್ವಿಚ್ ಬಿಟ್ಟು, ಎರಡು ಶಿಫ್ಟ್ ಕೆಳಗೆ ಮಾತ್ರ ಹಗುರವಾದ ಸ್ವಿಚ್ ಕೂರಿಸಿದೆ. ಕಿರುಬೆರಳ ನೋವು ಅಲ್ಲಿಗೆ ನಿಂತಿತು. ಕೊಳ್ಳುವ ಮುಂಚೆ ಬೋರ್ಡು ಮೂರು ಪಿನ್ನಿನ ಸ್ವಿಚ್ಚಿಗೋ ಐದು ಪಿನ್ನಿನದಕ್ಕೋ ನೋಡಿಕೊಳ್ಳಿ. ಐದು ಪಿನ್ನಿನ ಬೋರ್ಡಿಗೆ ಎರಡೂ ಕೂರುತ್ತವೆ.

ಹೆಜ್ಜೆ 8: ಮನೆಯವರ ನಿದ್ದೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ

ರಾತ್ರಿ ಕೆಲಸ ಮಾಡುವವರಾದರೆ, ಪಕ್ಕದಲ್ಲಿ ಮಗು ಮಲಗಿದ್ದರೆ, ಕ್ಲಿಕ್ಕಿ ಬೇಡ. ಕೀ ಕೆಳಗೆ ರಬ್ಬರ್ ಬಳೆ ಹಾಕಿದರೆ ಸದ್ದು ಹೋಗುತ್ತದೆ ಅಂತ ಮಾರುವವರಿದ್ದಾರೆ. ಅದರಿಂದ ಕಡಿಮೆಯಾಗುವುದು ಠಪ್ ಮಾತ್ರ, ಟಕ್ ಹಾಗೇ ಇರುತ್ತದೆ. ಅಂಥವರಿಗೆ ಬ್ರೌನ್ ಸ್ವಿಚ್ ವಾಸಿ. ಟಕ್ ಸದ್ದಿಲ್ಲ, ಬೆರಳಿಗೆ ಮಾತ್ರ ಸಣ್ಣ ಉಬ್ಬು ಸಿಕ್ಕಂತೆ ಆಗುತ್ತದೆ.

ತಂದ ಮೇಲೆ

ಮೆಕ್ಯಾನಿಕಲ್ ಕೀಬೋರ್ಡ್ ಎತ್ತರ ಜಾಸ್ತಿ. ಹಿಂದಿನ ಕಾಲು ಬಿಡಿಸಿ ಇನ್ನೂ ಎತ್ತರ ಮಾಡಬೇಡಿ, ಮಡಚಿಯೇ ಇಡಿ. ಮೊಣಕೈ ಮೇಜಿನ ಮಟ್ಟಕ್ಕೆ ಬರುವಂತೆ ಕುರ್ಚಿ ಏರಿಸಿ. ಮಣಿಕಟ್ಟು ಮೇಲಕ್ಕೆ ಬಾಗದಂತೆ ಕೀಬೋರ್ಡಿನ ಮುಂದೆ ಮಡಚಿದ ಟವೆಲ್ ಇಟ್ಟರೂ ಸಾಕು. ಟೈಪ್ ಮಾಡದೆ ಬಿಡುವು ಕೊಡುವಾಗ ಕೈ ಅದರ ಮೇಲೆ ಇರಲಿ.

ಮೊದಲ ವಾರ ದಿನಕ್ಕೆ ಹತ್ತು ನಿಮಿಷ ಬೇಕಂತಲೇ ನಿಧಾನ ಟೈಪ್ ಮಾಡಿ. ಟಕ್ ಕೇಳಬೇಕು, ಠಪ್ ಕೇಳಬಾರದು. ಮೊದಲ ದಿನ ಪ್ರತಿ ಪದದಲ್ಲೂ ಠಪ್ ಬರುತ್ತದೆ. ನಾಲ್ಕನೆಯ ದಿನದ ಹೊತ್ತಿಗೆ ಒಂದು ಸಾಲು ಪೂರ್ತಿ ಠಪ್ ಇಲ್ಲದೆ ದಾಟಿದ್ದು ನನಗೆ ಚೆನ್ನಾಗಿ ನೆನಪಿದೆ. ಈಗಲೂ ಅವಸರದ ಕೆಲಸ ಬಂದಾಗ ಠಪ್ ಕೇಳಿಸುತ್ತದೆ. ಕೇಳಿದ ಕೂಡಲೇ ಒಂದು ನಿಮಿಷ ಕೈ ಬಿಟ್ಟು ಕೂರುತ್ತೇನೆ.

ಎಂಎಕ್ಸ್ ಬ್ಲೂ ಸ್ವಿಚ್ಚಿಗೆ ಕಂಪನಿ ಹೇಳುವ ಆಯುಸ್ಸು 5 ಕೋಟಿ ಒತ್ತು. ಎಫ್ ಕೀಯನ್ನು ದಿನಕ್ಕೆ 5,000 ಸಲ ಒತ್ತಿದರೂ 27 ವರ್ಷ ಆಗುತ್ತದೆ. ಅದಕ್ಕೂ ಮುಂಚೆ ಅದನ್ನು ಕೆಡಿಸುವುದು ನಮ್ಮ ಧೂಳು. ಒಂದು ಸಲ ಒತ್ತಿದರೆ ಎರಡು ಸಲ ಬೀಳಲು ಶುರುವಾದರೆ ಸ್ವಿಚ್ ಕೆಡುತ್ತಿದೆ ಅಂತ ಅರ್ಥ. ಟೈಪ್ ಮಾಡುವಾಗ ಒತ್ತಕ್ಷರ ಬೇಕಾದಂತೆ ಕೂರದಿದ್ದರೆ ಮೊದಲು ಎಫ್ ಕೀಯನ್ನೇ ಅನುಮಾನಿಸಿ. ಕೀಬೋರ್ಡ್ ಕೊಳ್ಳುವಾಗಲೇ ನಾಲ್ಕೈದು ಬಿಡಿ ಸ್ವಿಚ್ ಜೊತೆಗೆ ತಂದು ಮೇಜಿನ ಡ್ರಾಯರಿನಲ್ಲಿ ಇಟ್ಟುಕೊಳ್ಳಿ. ಹಳೆಯದನ್ನು ಎಳೆದು, ಹೊಸದರ ಪಿನ್ ಬಾಗದಂತೆ ನೇರ ಹಿಡಿದು ಒತ್ತಿದರೆ ಎರಡು ನಿಮಿಷದ ಕೆಲಸ.