ಬ್ರಷ್ ವಸಡಿನ ಅಂಚನ್ನು ಮುಟ್ಟುತ್ತಿದೆಯೇ?

ಹಲ್ಲಿನ ತೊಂದರೆಯೆಂದು ಬಂದವರಿಗೆ ಚಿಕಿತ್ಸೆ ಮುಗಿದ ಮೇಲೆ ನಾನು ಒಂದು ಕನ್ನಡಿಯನ್ನೂ ಹೊಸ ಬ್ರಷ್ಷನ್ನೂ ಕೈಗಿತ್ತು, ಮನೆಯಲ್ಲಿ ಹೇಗೆ ಉಜ್ಜುತ್ತೀರೋ ಹಾಗೆಯೇ ಉಜ್ಜಿ ತೋರಿಸಿ ಎಂದು ಕೇಳುತ್ತೇನೆ. ಹೆಚ್ಚಿನವರು ನಕ್ಕರೆ ಕಾಣುವ ಆರೆಂಟು ಹಲ್ಲುಗಳ ಮೇಲೆ ಗರಗಸ ಎಳೆದಂತೆ ಬ್ರಷ್ಷನ್ನು ಅತ್ತಿಂದಿತ್ತ ಎಳೆದು, ದವಡೆ ಹಲ್ಲುಗಳ ನೆತ್ತಿಯನ್ನು ಎರಡು ಸಲ ತಿಕ್ಕಿ, ಮುಕ್ಕಳಿಸಲು ನೀರೆಲ್ಲಿದೆ ಎಂದು ಸುತ್ತ ನೋಡುತ್ತಾರೆ. ಕಿರಾಣಿ ಅಂಗಡಿಯ ಯಜಮಾನರೊಬ್ಬರು, ‘ದಿನಾ ಕಾಲು ಗಂಟೆ ಉಜ್ತೀನಿ ಡಾಕ್ಟ್ರೇ, ಅಂಗಳದಲ್ಲಿ ಅಡ್ಡಾಡ್ತಾ’ ಎಂದು ಹೆಮ್ಮೆಯಿಂದಲೇ ಹೇಳಿದ್ದರು. ಅವರ ಎಡಗಡೆಯ ಕೋರೆಹಲ್ಲಿನ ಬುಡದಲ್ಲಿ ಉಗುರು ಸಿಕ್ಕಿಕೊಳ್ಳುವಷ್ಟು ಆಳವಾದ ಕಚ್ಚು ಬಿದ್ದಿತ್ತು, ಅದೇ ಹಲ್ಲಿನ ಹಿಂಬದಿಯಲ್ಲಿ ಹಳದಿ ಕಿಟ್ಟ ಕಲ್ಲಿನಂತೆ ಕೂತಿತ್ತು. ಬಲಗೈಯಲ್ಲಿ ಉಜ್ಜುವವರ ಬಲವೆಲ್ಲ ಸಾಮಾನ್ಯವಾಗಿ ಬೀಳುವುದು ಎಡಗಡೆಯ ಆ ಮೂಲೆಯ ಮೇಲೆಯೇ. ಕಾಲು ಗಂಟೆಯ ಶ್ರಮದಲ್ಲಿ ಹಲ್ಲು ಸವೆದಿತ್ತೇ ಹೊರತು, ಉಜ್ಜಬೇಕಾದ ಜಾಗಕ್ಕೆ ಬ್ರಷ್ ಹೋಗಿರಲೇ ಇಲ್ಲ.

ಆ ಜಾಗವೆಂದರೆ ಹಲ್ಲೂ ವಸಡೂ ಕೂಡುವ ಗೆರೆ. ಅಲ್ಲಿ ಕೆಲವೇ ಮಿಲಿಮೀಟರ್ ಆಳದ ಸಣ್ಣ ಕಾಲುವೆಯೊಂದು ಪ್ರತಿ ಹಲ್ಲನ್ನೂ ಸುತ್ತುವರಿದಿರುತ್ತದೆ, ಪಾಚಿ ಮೊದಲು ಕಟ್ಟುವುದು ಅದರ ದಡದಲ್ಲಿ. ಉಗುರಿನಿಂದ ಹೆರೆದರೆ ಬೆಣ್ಣೆಯಂತೆ ಬರುವ ಈ ಬಿಳಿಯ ಪದರದ ತುಂಬ ಬ್ಯಾಕ್ಟೀರಿಯಾಗಳೇ ಇರುತ್ತವೆ. ಅವು ನಾವು ತಿಂದ ಸಕ್ಕರೆಯನ್ನು ಆಮ್ಲವನ್ನಾಗಿ ಮಾರ್ಪಡಿಸಿ ಹಲ್ಲನ್ನು ಹುಳುಕು ಮಾಡುತ್ತವೆ, ವಸಡನ್ನು ಕೆರಳಿಸಿ ಊದಿಸುತ್ತವೆ. ಪಾಚಿಯನ್ನು ದಿನದಿನವೂ ತೆಗೆಯದಿದ್ದರೆ ಜೊಲ್ಲಿನಲ್ಲಿರುವ ಖನಿಜಗಳು ಸೇರಿ ಅದು ಗಟ್ಟಿಯಾದ ಕಿಟ್ಟವಾಗುತ್ತದೆ, ಆಮೇಲೆ ಯಾವ ಬ್ರಷ್ಷಿಗೂ ಅದು ಬಗ್ಗುವುದಿಲ್ಲ.

ಮೊದಲು ಸಾಮಾನು

ಬ್ರಷ್ ‘ಸಾಫ್ಟ್’ ಎಂದು ಬರೆದಿರುವುದೇ ಆಗಿರಲಿ, ತಲೆ ಚಿಕ್ಕದಿರಲಿ. ‘ಹಾರ್ಡ್’ ಬ್ರಷ್ಷನ್ನು ಬಟ್ಟೆಯ ಕಾಲರ್ ತಿಕ್ಕಲು ಇಟ್ಟುಕೊಳ್ಳಬಹುದು. ಮೂರು ತಿಂಗಳಿಗೊಮ್ಮೆ, ಅದಕ್ಕೂ ಮೊದಲೇ ಎಳೆಗಳು ಕೆದರಿದರೆ ಆಗಲೇ, ಬದಲಿಸಿ. ಒಂದೇ ತಿಂಗಳಲ್ಲಿ ಬ್ರಷ್ ಪೊರಕೆಯಂತಾದರೆ ದೋಷ ಕಂಪನಿಯದಲ್ಲ, ನಿಮ್ಮ ಕೈಯದು.

ಪೇಸ್ಟಿನಲ್ಲಿ ಹುಳುಕನ್ನು ತಡೆಯುವ ಫ್ಲೋರೈಡ್ ಇರಬೇಕು. ಡಬ್ಬಿಯ ಮೇಲೆ 1000 ಪಿಪಿಎಂ ಆಸುಪಾಸಿನ ಅಂಕಿ ಇದ್ದರೆ ಸಾಕು, ಉಳಿದ ಬಣ್ಣ, ಹರಳು, ಮೂಲಿಕೆಗಳ ಹೆಸರಿಗೆ ಹಣ ಹೆಚ್ಚು ಕೊಡಬೇಕಾಗಿಲ್ಲ. ಜಾಹೀರಾತಿನಲ್ಲಿ ಬ್ರಷ್ಷಿನ ಉದ್ದಕ್ಕೂ ಅಲೆಯಲೆಯಾಗಿ ಹಾಕುವ ಪೇಸ್ಟು ಡಬ್ಬಿ ಬೇಗ ಖಾಲಿಯಾಗಲೆಂದು ಹಾಕುವಂಥದ್ದು, ದೊಡ್ಡವರಿಗೂ ಬಟಾಣಿ ಕಾಳಿನಷ್ಟೇ ಸಾಕು.

ಇಲ್ಲಿ ಒಂದು ಮಾತು ಹೇಳದೆ ಮುಂದೆ ಹೋಗಲಾರೆ. ಇದ್ದಿಲಿನ ಪೇಸ್ಟು, ಕೆಂಪು ಹಲ್ಲುಪುಡಿ, ಉಪ್ಪು, ಮೊಬೈಲ್ ವಿಡಿಯೋಗಳಲ್ಲಿ ಬರುವ ಸೋಡಾ ಮತ್ತು ನಿಂಬೆರಸದ ಮಿಶ್ರಣ, ಇವೆಲ್ಲ ಹಲ್ಲನ್ನು ಬೆಳ್ಳಗೆ ಮಾಡಿದಂತೆ ಕಾಣುವುದು ಮೇಲಿನ ಎನಾಮೆಲ್ ಪದರವನ್ನು ಕೆರೆದು ಅಥವಾ ಕರಗಿಸಿ. ಎನಾಮೆಲ್ ಮತ್ತೆ ಬೆಳೆಯುವುದಿಲ್ಲ, ಅದರ ಕೆಳಗಿನ ಡೆಂಟಿನ್ ಪದರದ ಬಣ್ಣವೇ ಹಳದಿ. ಹಾಗಾಗಿ ಬಿಳಿ ಮಾಡಲು ಹೊರಟವರು ವರ್ಷ ಕಳೆಯುವುದರಲ್ಲಿ ಮೊದಲಿಗಿಂತ ಹಳದಿ ಹಲ್ಲನ್ನೂ, ತಣ್ಣೀರು ಕುಡಿದರೆ ಜುಮ್ಮೆನ್ನುವ ನೋವನ್ನೂ ಸಂಪಾದಿಸಿಕೊಳ್ಳುತ್ತಾರೆ. ಹೊಗೆಸೊಪ್ಪು ಬೆರೆಸಿದ ಹಲ್ಲುಪುಡಿ ಮತ್ತು ಪೇಸ್ಟುಗಳನ್ನು ಕೇಂದ್ರ ಸರ್ಕಾರ 1992ರಲ್ಲೇ ನಿಷೇಧಿಸಿದ್ದರೂ, ಹೊಗೆಸೊಪ್ಪನ್ನು ಸುಟ್ಟು ಪುಡಿ ಮಾಡಿ ವಸಡಿಗೆ ತಿಕ್ಕುವ ಅಜ್ಜಿಯರು ಇನ್ನೂ ಇದ್ದಾರೆ. ಬೇವಿನ ಕಡ್ಡಿಯ ಬಗ್ಗೆ ನನಗೆ ತಕರಾರಿಲ್ಲ, ಆದರೆ ಅದು ಹಲ್ಲಿನ ಒಳಮೈಯನ್ನು ಸರಿಯಾಗಿ ಮುಟ್ಟದು, ಅದರಲ್ಲಿ ಫ್ಲೋರೈಡ್ ಪೇಸ್ಟಿನ ರಕ್ಷಣೆಯೂ ಸಿಗದು.

ಯಾವಾಗ

ರಾತ್ರಿ, ಊಟವೂ ಹಾಲೂ ಎಲ್ಲ ಮುಗಿದ ಮೇಲೆ. ನಿದ್ದೆಯಲ್ಲಿ ಬಾಯೊಳಗೆ ಜೊಲ್ಲು ಒಸರುವುದು ಬಹಳ ಕಡಿಮೆಯಾಗುವುದರಿಂದ ಆಮ್ಲವನ್ನು ತೊಳೆದು ಶಮನಗೊಳಿಸುವ ಕೆಲಸ ನಿಂತಂತೆಯೇ ಆಗುತ್ತದೆ. ದಿನಕ್ಕೆ ಒಂದೇ ಸಲ ಉಜ್ಜುವೆನೆಂದು ಹಟ ಹಿಡಿದವರಿಗೆ, ಬೆಳಗಿನದನ್ನು ಬಿಡಿ, ರಾತ್ರಿಯದನ್ನು ಬಿಡಬೇಡಿ ಎಂದೇ ಹೇಳುತ್ತೇನೆ. ಬೆಳಿಗ್ಗೆ ಕಾಫಿಗೆ ಮುಂಚೆ ಉಜ್ಜುವುದು ನಮ್ಮ ರೂಢಿ, ಅದು ಒಳ್ಳೆಯ ರೂಢಿಯೇ. ನಿಂಬೆ, ಕಿತ್ತಳೆಯಂಥ ಹುಳಿಯನ್ನು ತಿಂದ ಕೂಡಲೇ ಮಾತ್ರ ಉಜ್ಜಬಾರದು. ಆಮ್ಲದಿಂದ ಮೆತ್ತಗಾದ ಎನಾಮೆಲ್ ಬ್ರಷ್ಷಿಗೆ ಸವೆಯುತ್ತದೆ, ಅರ್ಧ ಗಂಟೆ ಬಿಡಬೇಕು.

ಎಲ್ಲರೂ ತಪ್ಪುವ ಹಂತ

ಬ್ರಷ್ಷನ್ನು ಮುಷ್ಟಿಯಲ್ಲಿ ಹಿಡಿಯದೆ ಪೆನ್ನು ಹಿಡಿದಂತೆ ಬೆರಳ ತುದಿಗಳಲ್ಲಿ ಹಿಡಿಯಿರಿ, ಇದರಿಂದಲೇ ಅರ್ಧ ಒತ್ತಡ ಇಳಿಯುತ್ತದೆ. ಎಳೆಗಳ ಅರ್ಧ ಭಾಗ ಹಲ್ಲಿನ ಮೇಲೂ ಇನ್ನರ್ಧ ವಸಡಿನ ಮೇಲೂ ಕೂರುವಂತೆ, ತುದಿಗಳು ವಸಡಿನ ಅಂಚಿನ ಕಡೆಗೆ 45 ಡಿಗ್ರಿ ಓರೆಯಾಗಿ ತೋರುವಂತೆ ಇಡಬೇಕು. ಮೇಲಿನ ಸಾಲಿಗೆ ಎಳೆಗಳು ಮೇಲ್ಮುಖವಾಗಿ, ಕೆಳಗಿನ ಸಾಲಿಗೆ ಕೆಳಮುಖವಾಗಿ ಇರುತ್ತವೆ. ಈಗ ಬ್ರಷ್ಷನ್ನು ಇದ್ದಲ್ಲಿಯೇ ನಡುಗಿಸಬೇಕು. ಎಳೆಯ ತುದಿ ತಾನಿರುವ ಕಾಲುವೆಯನ್ನು ಬಿಟ್ಟು ಕದಲಬಾರದು, ತಲೆ ಮಾತ್ರ ಒಂದೆರಡು ಮಿಲಿಮೀಟರ್ ಹಿಂದೆ ಮುಂದೆ ಅಲುಗಬೇಕು. ಹತ್ತರವರೆಗೆ ಎಣಿಸಿ, ಬಳಿಕ ಮಣಿಕಟ್ಟನ್ನು ತಿರುಗಿಸಿ ಬ್ರಷ್ಷನ್ನು ವಸಡಿನಿಂದ ಹಲ್ಲಿನ ತುದಿಯ ಕಡೆಗೆ ಒಮ್ಮೆ ಗುಡಿಸಿದರೆ, ಸಡಿಲವಾದ ಪಾಚಿ ಹೊರಬರುತ್ತದೆ. ಒಂದು ಸಲಕ್ಕೆ ಎರಡು ಮೂರು ಹಲ್ಲುಗಳಷ್ಟೇ ಆಗುತ್ತವೆ, ಅಲ್ಲಿಂದ ಪಕ್ಕಕ್ಕೆ ಸರಿಯಬೇಕು. ಕಳೆದ ಶತಮಾನದ ಮಧ್ಯದಲ್ಲಿ ಇದನ್ನು ಪ್ರಚಾರಕ್ಕೆ ತಂದವರು ಅಮೆರಿಕದ ವೈದ್ಯ ಚಾರ್ಲ್ಸ್ ಬಾಸ್, ಅವರ ಹೆಸರಿನಿಂದಲೇ ಇದನ್ನು ಬಾಸ್ ವಿಧಾನ ಎನ್ನುತ್ತಾರೆ.

ಒತ್ತಡ ಎಷ್ಟಿರಬೇಕು ಎಂದು ತಿಳಿಯಲು ಬ್ರಷ್ಷನ್ನು ಮುಂಗೈಯ ಹಿಂಬದಿಯ ಮೇಲಿಟ್ಟು ನೋಡಿ. ಎಳೆಗಳು ತುಸುವೇ ಬಾಗಿದರೆ ಸರಿ, ಚಪ್ಪಟೆಯಾಗಿ ಮಲಗಿದರೆ ಹೆಚ್ಚಾಯಿತು.

ಕೆನ್ನೆಯ ಕಡೆಯ ದವಡೆ ಹಲ್ಲುಗಳನ್ನು ಉಜ್ಜುವಾಗ ಬಾಯನ್ನು ಅಗಲವಾಗಿ ತೆರೆಯುವುದು ಮತ್ತೊಂದು ತಪ್ಪು. ಬಾಯಿ ತೆರೆದಷ್ಟೂ ಕೆನ್ನೆ ಬಿಗಿದುಕೊಂಡು ಬ್ರಷ್ಷಿಗೆ ಜಾಗವೇ ಇಲ್ಲದಂತಾಗುತ್ತದೆ. ಬಾಯನ್ನು ಅರ್ಧ ಮುಚ್ಚಿ, ಉಜ್ಜುತ್ತಿರುವ ಬದಿಗೇ ಕೆಳದವಡೆಯನ್ನು ಸ್ವಲ್ಪ ಸರಿಸಿದರೆ ಮೇಲಿನ ಕಟ್ಟಕಡೆಯ ಹಲ್ಲಿನವರೆಗೂ ಬ್ರಷ್ ಸಲೀಸಾಗಿ ಹೋಗುತ್ತದೆ. ಕೆಳಗಿನ ಬಾಚಿ ಹಲ್ಲುಗಳ ಹಿಂಬದಿಗೆ ಬ್ರಷ್ಷನ್ನು ಲಂಬವಾಗಿ ನಿಲ್ಲಿಸಿ, ಅದರ ತುದಿಯಿಂದ ಒಂದೊಂದೇ ಹಲ್ಲನ್ನು ಕೆಳಗಿನಿಂದ ಮೇಲಕ್ಕೆ ಎಳೆಯಬೇಕು. ನಾಲಿಗೆಯಡಿಯ ಜೊಲ್ಲಿನ ಗ್ರಂಥಿಗಳು ತೆರೆದುಕೊಳ್ಳುವುದು ಅಲ್ಲಿಯೇ ಆದ್ದರಿಂದ ಬಾಯಿಯಲ್ಲೆಲ್ಲ ಮೊದಲು ಕಿಟ್ಟ ಕಟ್ಟುವ ಜಾಗ ಅದು. ಆ ಕಾರಣಕ್ಕೆ ನಾನು ಉಜ್ಜಲು ಶುರುಮಾಡುವುದೇ ಅಲ್ಲಿಂದ. ಕೊನೆಗೆ ಬಿಟ್ಟ ಜಾಗಕ್ಕೆ ಸಿಗುವುದು ದಣಿದ ಕೈ ಮಾತ್ರ. ಇಡೀ ಬಾಯಿಗೆ ಎರಡು ನಿಮಿಷ ಸಾಕು, ಅಂಗಳ ಸುತ್ತುವುದು ಬೇಡ, ಕನ್ನಡಿಯ ಮುಂದೆ ನಿಂತರೆ ಆಯಿತು.

ಮೊದಲ ಕೆಲವು ದಿನ ರಕ್ತ ಬರಬಹುದು. ರಕ್ತ ಕಂಡ ಕೂಡಲೇ ಆ ಜಾಗವನ್ನು ಬಿಟ್ಟು ಉಜ್ಜುವವರೇ ಜಾಸ್ತಿ, ಆದರೆ ರಕ್ತ ಬರುತ್ತಿರುವುದು ಅಲ್ಲಿ ಪಾಚಿ ಉಳಿದು ವಸಡು ಊದಿರುವುದರಿಂದಲೇ. ಮೃದುವಾಗಿ, ಬಿಡದೆ ಉಜ್ಜಿದರೆ ಒಂದೆರಡು ವಾರದಲ್ಲಿ ನಿಲ್ಲುತ್ತದೆ. ನಿಲ್ಲದಿದ್ದರೆ ದಂತವೈದ್ಯರಲ್ಲಿಗೆ ಹೋಗಿ, ಸಕ್ಕರೆ ಕಾಯಿಲೆಯ ಪರೀಕ್ಷೆಯನ್ನೂ ಮಾಡಿಸಿ. ಆ ಕಾಯಿಲೆ ಹತೋಟಿಯಲ್ಲಿಲ್ಲದಿದ್ದರೆ ವಸಡಿನ ರೋಗ ಉಲ್ಬಣಿಸುತ್ತದೆ. ಕಿಟ್ಟ ತೆಗೆಸಿದರೆ ಹಲ್ಲು ಸಡಿಲವಾಗುತ್ತದೆ ಎಂಬ ಮಾತನ್ನು ನಂಬಿ ಹತ್ತಾರು ವರ್ಷ ದೂರ ಉಳಿದವರಿದ್ದಾರೆ. ಅವರ ಹಲ್ಲಿನ ಸುತ್ತಲ ಮೂಳೆ ಆಗಲೇ ಕರಗಿರುತ್ತದೆ, ಅಲುಗಾಡದಂತೆ ಹಲ್ಲುಗಳನ್ನು ಒಂದಕ್ಕೊಂದು ಕಟ್ಟಿಹಾಕಿದ್ದ ಕಿಟ್ಟದ ಗಾರೆ ಹೋದ ಮೇಲೆ ಅದು ತಿಳಿಯುತ್ತದೆ, ಅಷ್ಟೇ.

ಸಂದಿ

ಎರಡು ಹಲ್ಲುಗಳ ನಡುವಿನ ಜಾಗಕ್ಕೆ ದಿನಾ ಉಜ್ಜುವ ಯಾವ ಬ್ರಷ್ಷೂ ಹೋಗದು. ಬಿಗಿಯಾದ ಸಂದಿಗೆ ಫ್ಲಾಸ್ ದಾರ, ಅಗಲವಾದ ಸಂದಿಗೆ ಅದರೊಳಗೆ ತೂರುವಂಥ ಪುಟ್ಟ ಇಂಟರ್‌ಡೆಂಟಲ್ ಬ್ರಷ್, ರಾತ್ರಿ ಒಂದು ಸಲ. ದಾರವನ್ನು ವಸಡಿನ ಮೇಲೆ ಟಪ್ಪೆಂದು ಬೀಳಿಸದೆ ಮೆಲ್ಲಗೆ ಇಳಿಸಿ, ಹಲ್ಲಿನ ಮೈಗೆ ಅಪ್ಪಿಸಿ ಮೇಲೆ ಕೆಳಗೆ ಸವರಬೇಕು. ಸೇಫ್ಟಿ ಪಿನ್ನು, ಬೆಂಕಿಕಡ್ಡಿ, ಬಸ್ ಟಿಕೆಟ್ಟಿನ ಮೂಲೆ ಇವು ಯಾವುವೂ ಇದಕ್ಕೆ ಬದಲಿಯಲ್ಲ.

ಉಗುಳಿ, ತೊಳೆಯಬೇಡಿ

ಇದನ್ನು ಒಪ್ಪಿಸುವುದು ನಮ್ಮವರಲ್ಲಿ ಬಲು ಕಷ್ಟ. ಚೊಂಬು ನೀರಿನಲ್ಲಿ ಗಳಗಳನೆ ಮುಕ್ಕಳಿಸಿ, ಬೀದಿಗೆಲ್ಲ ಕೇಳುವಂತೆ ಕ್ಯಾಕರಿಸಿದರೇ ಬಾಯಿ ತೊಳೆದಂತೆ ಎಂಬ ನಂಬಿಕೆಯಲ್ಲಿ ಬೆಳೆದವರು ನಾವು. ಆದರೆ ಪೇಸ್ಟಿನ ಫ್ಲೋರೈಡ್ ಕೆಲಸ ಮಾಡಬೇಕಾದರೆ ಅದು ಹಲ್ಲಿನ ಮೇಲೆ ಉಳಿಯಬೇಕು. ನೊರೆಯನ್ನು ಚೆನ್ನಾಗಿ ಉಗುಳಿ ಸುಮ್ಮನಾಗಿ. ತೀರಾ ಆಗದಿದ್ದರೆ ಒಂದು ಗುಟುಕು ನೀರಿನಲ್ಲಿ ಒಂದೇ ಸಲ.

ತಿನ್ನುವುದರ ಬಗ್ಗೆ ಇಷ್ಟು ಸಾಕು: ಎಷ್ಟು ಸಿಹಿ ತಿಂದಿರಿ ಎನ್ನುವುದರ ಜೊತೆಗೆ ಎಷ್ಟು ಸಲ ತಿಂದಿರಿ ಎನ್ನುವುದನ್ನೂ ಹಲ್ಲು ಲೆಕ್ಕ ಇಡುತ್ತದೆ. ಸಿಹಿ ಬಾಯಿಗೆ ಬಿದ್ದ ಕೆಲವೇ ನಿಮಿಷಗಳಲ್ಲಿ ಪಾಚಿಯೊಳಗಿನ ಪಿಎಚ್ (ಹುಳಿಯ ಅಳತೆ, ಇಳಿದಷ್ಟೂ ಹುಳಿ ಹೆಚ್ಚು) 5.5ಕ್ಕಿಂತ ಕೆಳಗಿಳಿದು ಎನಾಮೆಲ್ ಕರಗತೊಡಗುತ್ತದೆ, ಜೊಲ್ಲು ಅದನ್ನು ಸರಿಪಡಿಸಲು ಅರ್ಧ ಗಂಟೆ, ಕೆಲವೊಮ್ಮೆ ಇನ್ನೂ ಹೆಚ್ಚು ಹೊತ್ತು ಬೇಕು. ಹಬ್ಬದ ಊಟದಲ್ಲಿ ಎರಡು ಹೋಳಿಗೆ ತಿಂದವರಿಗಿಂತ, ಸಕ್ಕರೆ ಹಾಕಿದ ಕಾಫಿಯನ್ನು ಬೆಳಗಿನಿಂದ ಸಂಜೆಯವರೆಗೆ ಅರ್ಧರ್ಧ ಲೋಟದಂತೆ ಹೀರುವವರ ಹಲ್ಲಿಗೆ ಅಪಾಯ ಹೆಚ್ಚು. ಅಡಿಕೆಯ ಮಾತು ಬೇರೆಯೇ. ಅದು ಹಲ್ಲು ಸವೆಸುವುದಲ್ಲದೆ, ವರ್ಷಗಟ್ಟಲೆ ಜಗಿದವರಲ್ಲಿ ಕೆನ್ನೆಯ ಒಳಪದರವನ್ನು ಗಡುಸಾಗಿಸಿ ಬಾಯಿ ತೆರೆಯಲಾಗದಂತೆ ಮಾಡಬಲ್ಲದು. ನಿಮ್ಮದೇ ಮೂರು ಬೆರಳುಗಳನ್ನು ಒಂದರ ಮೇಲೊಂದಿಟ್ಟು ಬಾಯೊಳಗೆ ತೂರಿಸಲು ಆಗದಿದ್ದರೆ ತಡಮಾಡದೆ ತೋರಿಸಿ.

ಪಾವಗಡ, ಮುಂಡರಗಿ, ಕೋಲಾರದ ಕಡೆ ಆಳದ ಕೊಳವೆಬಾವಿಯ ನೀರು ಕುಡಿದು ಬೆಳೆದ ಮಕ್ಕಳ ಹಲ್ಲಿನ ಕಂದು ಪಟ್ಟೆಗಳು ಉಜ್ಜಿದರೆ ಹೋಗುವಂಥವಲ್ಲ. ಅದು ನೀರಿನಲ್ಲಿ ಮಿತಿಮೀರಿದ ಫ್ಲೋರೈಡಿನಿಂದ ಹಲ್ಲು ರೂಪುಗೊಳ್ಳುವಾಗಲೇ ಬಂದ ಕಲೆ, ಕೊಳೆಯಲ್ಲ. ಆ ಮಕ್ಕಳನ್ನು ಗದರಿಸಿ ಉಜ್ಜಿಸಬೇಡಿ. ನೀರು ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ಆವಿಯಾದಷ್ಟೂ ಸಾಂದ್ರವಾಗುತ್ತದೆ. ಲೀಟರಿಗೆ 1.5 ಮಿಲಿಗ್ರಾಂ ಮೀರಿದ ನೀರಾದರೆ ಶುದ್ಧ ಕುಡಿಯುವ ನೀರಿನ ಘಟಕದ ನೀರನ್ನೇ ಕುಡಿಸಬೇಕು.

ಮಕ್ಕಳಿಗೆ ಏಳೆಂಟು ವರ್ಷ ತುಂಬುವವರೆಗೆ ರಾತ್ರಿ ನೀವೇ ಉಜ್ಜಿ. ಮಗುವಿನ ಹಿಂದೆ ನಿಂತು, ಅದರ ತಲೆಯನ್ನು ನಿಮ್ಮ ಹೊಟ್ಟೆಗೆ ಆನಿಸಿಕೊಂಡರೆ ಒಳಗೆಲ್ಲ ಕಾಣುತ್ತದೆ. ಮೂರು ವರ್ಷದೊಳಗೆ ಅಕ್ಕಿಕಾಳಿನಷ್ಟು ಪೇಸ್ಟು, ಆಮೇಲೆ ಬಟಾಣಿಯಷ್ಟು. ಆರನೆಯ ವರ್ಷದ ಹೊತ್ತಿಗೆ ಹಾಲುಹಲ್ಲುಗಳ ಹಿಂದೆ, ಯಾವ ಹಲ್ಲೂ ಬೀಳದೆಯೇ, ಒಂದು ದೊಡ್ಡ ದವಡೆ ಹಲ್ಲು ಸದ್ದಿಲ್ಲದೆ ಹುಟ್ಟುತ್ತದೆ. ತಂದೆತಾಯಿಯರು ಅದನ್ನೂ ಹಾಲುಹಲ್ಲೆಂದು ತಿಳಿದು, ಹುಳುಕಾದರೆ ಬಿದ್ದು ಬೇರೆ ಬರುತ್ತದೆಂದು ಕಾಯುತ್ತಾರೆ. ಅದು ಬಿದ್ದರೆ ಮತ್ತೆ ಬರುವುದಿಲ್ಲ. ಅದರ ನೆತ್ತಿಯ ಆಳದ ಗೀರುಗಳನ್ನು ಸೀಲೆಂಟ್ ಎಂಬ ತೆಳು ಲೇಪ ಹಚ್ಚಿ ಮುಚ್ಚಿಸಬಹುದು. ಹಲ್ಲು ಪೂರ್ತಿ ಮೇಲೆ ಬಂದ ಕೂಡಲೇ, ಹುಳುಕು ಶುರುವಾಗುವ ಮೊದಲೇ ಕರೆದುಕೊಂಡು ಹೋದರೆ ಸೂಜಿಯೂ ಇಲ್ಲ, ಡ್ರಿಲ್ಲೂ ಇಲ್ಲ, ಮಗು ಸ್ವಲ್ಪ ಹೊತ್ತು ಬಾಯಿ ತೆರೆದುಕೊಂಡು ಕೂತರೆ ಆಯಿತು.