ಅಂಗಮಾರಿ ತಡೆಯೋ ಟೊಮೆಟೊ ತಳಿ: ನಿಮ್ಮ ಹಿತ್ತಲಲ್ಲೇ ಪರೀಕ್ಷೆ ಮಾಡಿ

ಬೀಜದ ಪ್ಯಾಕೆಟ್ ಮೇಲೆ "ರೋಗ ನಿರೋಧಕ" ಅಂತ ದೊಡ್ಡದಾಗಿ ಬರೆದಿರುತ್ತದೆ. ಯಾವ ರೋಗ ಅನ್ನೋದು ಸಣ್ಣ ಅಕ್ಷರದಲ್ಲಿ ಎಲ್ಲೋ ಇರುತ್ತದೆ, ಕೆಲವು ಸಲ ಇರುವುದೇ ಇಲ್ಲ. ಮೊದಲು ಅದನ್ನು ಓದಿ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ರಕ್ಷಕ್ ತಳಿಯನ್ನೇ ಉದಾಹರಣೆಗೆ ತಗೊಳ್ಳಿ. ಅದು ಎಲೆ ಮುದುಡು ವೈರಸ್, ದುಂಡಾಣು ಸೊರಗು ರೋಗ, ಅರ್ಲಿ ಬ್ಲೈಟ್ ಈ ಮೂರನ್ನೂ ತಡೆಯುವ ಹೈಬ್ರಿಡ್. ಆ ಪಟ್ಟಿಯಲ್ಲಿ ಲೇಟ್ ಬ್ಲೈಟ್ ಇಲ್ಲ. ಅದೇ ಸಂಸ್ಥೆಯ ಅರ್ಕಾ ಅಭೇದ್‌ಗೆ ಲೇಟ್ ಬ್ಲೈಟ್ ತಡೆಯುವ ಗುಣವೂ ಇದೆ. ಎಲೆಗೆ ಕಲೆ ಬಿದ್ದು ಒಣಗಿಸುವ ಅರ್ಲಿ ಬ್ಲೈಟ್, ಲೇಟ್ ಬ್ಲೈಟ್ ಎರಡನ್ನೂ ನಾವು ಅಂಗಮಾರಿ ಅಂತಲೇ ಕರೆಯುತ್ತೇವೆ, ಆದರೆ ಎರಡೂ ಬೇರೆ ಬೇರೆ ರೋಗ. ಒಂದನ್ನು ತಡೆಯುವ ತಳಿ ಇನ್ನೊಂದಕ್ಕೆ ಸುಲಭವಾಗಿ ಬಲಿಯಾಗಬಹುದು.

ಪ್ಯಾಕೆಟ್ ಮಾತು ನಿಜ ಅಂತಲೇ ಇಟ್ಟುಕೊಳ್ಳೋಣ. ಆದರೂ ನಿಮ್ಮ ಹಿತ್ತಲಲ್ಲಿ ಏನಾಗುತ್ತೆ ಅಂತ ನೀವೇ ನೋಡಬೇಕು. ಧಾರವಾಡದಲ್ಲಿ ಜಿಟಿಜಿಟಿ ಮಳೆ ಹಿಡಿದರೆ ಎಲೆ ಮೇಲಿನ ನೀರು ಆರೋದೇ ಇಲ್ಲ. ಗದಗದ ಕಡೆ ಒಣ ಗಾಳಿ, ಮಳೆ ಬಂದು ಹೋದ ಮೇಲೆ ಬಿಸಿಲು ಬೀಳುತ್ತೆ. ಅಲ್ಲಿ ಹಸಿರಾಗಿ ನಿಂತ ಗಿಡ ಇಲ್ಲಿ ಮಲಗಬಹುದು.

ಪರೀಕ್ಷೆಯ ಜೀವಾಳ ಒಂದೇ: ಹೋಲಿಕೆ ತಳಿ. ಅಂದರೆ ನಿಮ್ಮಲ್ಲಿ ಪ್ರತಿ ಮಳೆಗಾಲ ಅಂಗಮಾರಿ ಬಂದೇ ಬರುತ್ತೆ ಅಂತ ಗೊತ್ತಿರುವ ಒಂದು ಟೊಮೆಟೊ. ಅದನ್ನು ಹೊಸ ತಳಿಯ ಪಕ್ಕದಲ್ಲೇ ಬೆಳೆಸಬೇಕು. ಹೊಸ ಗಿಡ ಹಸಿರಾಗಿದೆ, ಪಕ್ಕದ ಹಳೆ ತಳಿ ಒಣಗಿದೆ ಅಂದರೆ ಅದು ಫಲಿತಾಂಶ. ಎರಡೂ ಹಸಿರಾಗಿದ್ದರೆ ಆ ವರ್ಷ ರೋಗ ಬಂದಿಲ್ಲ, ಅಷ್ಟೇ. ಅದರಿಂದ ತಳಿ ಬಗ್ಗೆ ಏನೂ ಗೊತ್ತಾಗಲ್ಲ. "ನಮ್ಮಲ್ಲಿ ಈ ಟೊಮೆಟೊಗೆ ರೋಗಾನೇ ಬರಲಿಲ್ಲ ನೋಡ್ರಿ" ಅಂತ ಯಾರಾದರೂ ಬೀಜ ಕೊಟ್ಟರೆ, ಪಕ್ಕದಲ್ಲಿ ಬೇರೆ ಯಾವ ಟೊಮೆಟೊ ಇತ್ತು, ಅದಕ್ಕೆ ಏನಾಯ್ತು ಅಂತ ಕೇಳಿ.

ಒಂದೊಂದು ತಳಿಗೆ ಕಡಿಮೆ ಅಂದರೂ ಆರು ಗಿಡ ಇರಲಿ. ಒಂದೆರಡು ಗಿಡದಿಂದ ಏನೂ ಹೇಳಕ್ಕಾಗಲ್ಲ, ಒಂದಕ್ಕೆ ಗೋಡೆಯ ನೆರಳು, ಇನ್ನೊಂದಕ್ಕೆ ಬಚ್ಚಲ ನೀರು ಸಿಕ್ಕಿರುತ್ತೆ. ಎರಡೂ ಬೀಜವನ್ನು ಒಂದೇ ದಿನ, ಒಂದೇ ಮಣ್ಣಲ್ಲಿ ಹಾಕಿ. ಜೂನ್‌ನ ಮಿರಗದ ಮಳೆಗೆ ಬೀಜ ಹಾಕಿದರೆ 25ರಿಂದ 30 ದಿನದ ಸಸಿಯನ್ನು ಜುಲೈನ ಪುನರ್ವಸು ಮಳೆಯಲ್ಲಿ ನಾಟಿ ಮಾಡಬಹುದು. ಆಗಸ್ಟ್‌ನ ಆಶ್ಲೇಷ, ಮಘೆ ಮಳೆಯ ಹೊತ್ತಿಗೆ ಗಿಡ ಹೂವು ಕಾಯಿ ಹಿಡಿದಿರುತ್ತೆ. ಪರೀಕ್ಷೆಗೆ ಬೇಕಾದ ಹವಾಮಾನ ಅದೇ.

ನಾಟಿ ಮಾಡುವಾಗ ಒಂದು ತಳಿ ಈ ಸಾಲಿಗೆ, ಇನ್ನೊಂದು ಆ ಸಾಲಿಗೆ ಅಂತ ಮಾಡಬೇಡಿ. ಒಂದು ಬಿಟ್ಟು ಒಂದು ಕಲಸಿ ನೆಡಿ. ಎರಡಡಿ ಅಂತರ ಇರಲಿ. ಎರಿ (ಕಪ್ಪು) ಮಣ್ಣಾದರೆ ಮಡಿ ಎತ್ತರಿಸಿ, ನೀರು ನಿಂತು ಬೇರು ಕೊಳೆತರೆ ಎಲೆ ಹಳದಿಯಾಗಿ ನಿಮ್ಮ ಲೆಕ್ಕವೆಲ್ಲ ಗೊಂದಲವಾಗುತ್ತೆ. ಮಸಾರಿ (ಕೆಂಪು) ಮಣ್ಣಲ್ಲಿ ಆ ತೊಂದರೆ ಕಡಿಮೆ. ಗೂಟಕ್ಕೆ ತಳಿ ಹೆಸರು ಬರೆಯಬೇಡಿ, ಬರೀ ನಂಬರ್ ಬರೆಯಿರಿ. ಯಾವ ನಂಬರ್ ಯಾವ ತಳಿ ಅನ್ನೋ ಪಟ್ಟಿ ಮನೆಯಲ್ಲಿ ಬೇರೆಯವರ ಹತ್ತಿರ ಇರಲಿ. ನಮಗೆ ಇಷ್ಟವಾದ ತಳಿಯ ಎಲೆ ಮೇಲಿನ ಚುಕ್ಕೆ ಕಣ್ಣಿಗೆ ಸಣ್ಣದಾಗೇ ಕಾಣುತ್ತೆ ಅಲ್ವಾ, ಅದಕ್ಕೇ ಈ ಏರ್ಪಾಡು.

ಗೊಬ್ಬರ, ನೀರು, ಆಸರೆ ಎಲ್ಲವೂ ಎಲ್ಲ ಗಿಡಕ್ಕೂ ಒಂದೇ ಥರ. ಬುಡಕ್ಕೆ ಕಬ್ಬಿನ ರವದಿ (ಒಣ ಎಲೆ) ಹೊದಿಸುವುದಾದರೆ ಎಲ್ಲಕ್ಕೂ ಹೊದಿಸಿ, ಕೆಳಗಿನ ಎಲೆ ಚಿವುಟುವುದಾದರೆ ಎಲ್ಲದರಲ್ಲೂ ಚಿವುಟಿ. ಮಣ್ಣಿನಿಂದ ಸಿಡಿಯುವ ನೀರಿನ ಹನಿಯಿಂದಲೂ ಅರ್ಲಿ ಬ್ಲೈಟ್ ಮೇಲೆ ಹತ್ತುತ್ತದೆ, ಹೀಗಾಗಿ ಈ ಸಣ್ಣ ವ್ಯತ್ಯಾಸವೂ ಫಲಿತಾಂಶ ಕೆಡಿಸುತ್ತೆ. ಪರೀಕ್ಷೆಯ ಗಿಡಕ್ಕೆ ಬೋರ್ಡೋ ದ್ರಾವಣ, ತಾಮ್ರದ ಪುಡಿ, ಬೇರೆ ಯಾವ ರೋಗದ ಔಷಧಿಯೂ ಬೇಡ. ಮನೆಗೆ ಬೇಕಾದ ಟೊಮೆಟೊ ಬೇರೆ ಮೂಲೆಯಲ್ಲಿ ಬೆಳೆಯಿರಿ, ಅದಕ್ಕೆ ಬೇಕಾದ್ದು ಹೊಡೆದುಕೊಳ್ಳಿ. ರೋಗ ಬೇಗ ಬರಲಿ ಅಂತ ಎಲ್ಲಿಂದಲೋ ರೋಗದ ಎಲೆ ತಂದು ಹಾಕೋದು ಮಾತ್ರ ದಯವಿಟ್ಟು ಮಾಡಬೇಡಿ. ಧಾರವಾಡ ಸುತ್ತಮುತ್ತ ಮಳೆಗಾಲದಲ್ಲಿ ಆಲೂಗಡ್ಡೆ ಬೆಳೆಯುವ ರೈತರಿದ್ದಾರೆ. ಲೇಟ್ ಬ್ಲೈಟ್ ಆಲೂಗಡ್ಡೆಗೂ ಟೊಮೆಟೊಗೂ ಒಂದೇ, ಗಾಳಿಯಲ್ಲಿ ಹಾರುತ್ತೆ. ಅವರ ಹೊಲ ನಮ್ಮ ಪರೀಕ್ಷೆಗಿಂತ ದೊಡ್ಡದು.

ಈಗ ರೋಗ ಗುರುತಿಸುವುದು. ಇಲ್ಲಿ ಸ್ವಲ್ಪ ನಿಧಾನ ಮಾಡಿ. ಅರ್ಲಿ ಬ್ಲೈಟ್ ಕೆಳಗಿನ ಹಳೆ ಎಲೆಯಿಂದ ಶುರುವಾಗುತ್ತದೆ. ಕಂದು ಚುಕ್ಕೆಯನ್ನು ಹತ್ತಿರದಿಂದ ನೋಡಿದರೆ ಒಂದರೊಳಗೊಂದು ಉಂಗುರ ಕಾಣುತ್ತವೆ, ಸುತ್ತ ಹಳದಿ ಬಣ್ಣ. ಸ್ವಲ್ಪ ಸೆಕೆ, ಮಧ್ಯೆ ಮಧ್ಯೆ ಮಳೆ ಇದ್ದರೆ ಇದಕ್ಕೆ ಹಬ್ಬ. ಲೇಟ್ ಬ್ಲೈಟ್‌ಗೆ ತಂಪು ಬೇಕು, ಸುಮಾರು 15ರಿಂದ 22 ಡಿಗ್ರಿ, ಜೊತೆಗೆ ಸದಾ ಒದ್ದೆ. ಯಾವ ಎಲೆಯಲ್ಲಾದರೂ ಬರುತ್ತೆ. ಬಿಸಿನೀರು ಬಿದ್ದ ಹಾಗೆ ಕರಿ ಹಸಿರು ಮಚ್ಚೆ ಎದ್ದು ಬೇಗ ಹರಡುತ್ತೆ. ಬೆಳಿಗ್ಗೆ ಇಬ್ಬನಿ ಆರುವ ಮುಂಚೆ ಎಲೆ ತಿರುವಿ ನೋಡಿ, ಮಚ್ಚೆಯ ಅಂಚಿನಲ್ಲಿ ಬಿಳಿ ಬೂಸ್ಟು ಕಾಣುತ್ತೆ. ಬಿಸಿಲೇರಿದ ಮೇಲೆ ಹೋದರೆ ಕಾಣದೇ ಇರಬಹುದು. ಕಾಯಿ ಮೇಲೆ ಎಣ್ಣೆ ಸವರಿದಂಥ ಕಂದು ಕಲೆ ಬರುತ್ತೆ, ಮುಟ್ಟಿದರೆ ಗಟ್ಟಿ.

ಬೇರೆ ತೊಂದರೆಗಳನ್ನು ಇದರ ಲೆಕ್ಕಕ್ಕೆ ಸೇರಿಸಬೇಡಿ. ಎಲೆ ಮುದುಡಿ ಗಿಡ ಕುಳ್ಳಾದರೆ ಅದು ಬಿಳಿ ನೊಣ ತರುವ ವೈರಸ್. ಹಸಿರಿದ್ದಾಗಲೇ ಗಿಡ ಜೋತು ಬಿದ್ದರೆ ಸೊರಗು ರೋಗ ಇರಬಹುದು. ಕಾಯಿಯ ಕೆಳತುದಿ ಕಪ್ಪಾದರೆ ನೀರು ಒಮ್ಮೆ ಜಾಸ್ತಿ ಒಮ್ಮೆ ಕಡಿಮೆಯಾಗಿ ಕಾಯಿಗೆ ಸುಣ್ಣದ ಅಂಶ ಸರಿಯಾಗಿ ಸಿಕ್ಕಿಲ್ಲ ಅಂತ ಅರ್ಥ.

ವಾರಕ್ಕೊಮ್ಮೆ, ಪ್ರತಿ ಸಲವೂ ವಾರದ ಅದೇ ದಿನ, ಪ್ರತಿ ಗಿಡಕ್ಕೂ ಅಂಕ ಕೊಡಿ. ಕಲೆಯೇ ಇಲ್ಲದಿದ್ದರೆ 0. ಒಂದೆರಡು ಎಲೆಯಲ್ಲಿ ಚುಕ್ಕೆ ಇದ್ದರೆ 1, ಗಿಡದ ಕಾಲು ಭಾಗಕ್ಕೆ 2, ಅರ್ಧಕ್ಕೆ 3, ಮುಕ್ಕಾಲಿಗೆ 4, ಪೂರ್ತಿ ಒಣಗಿದರೆ 5. ಮೊಬೈಲಲ್ಲಿ ಒಂದು ಫೋಟೊ ಇರಲಿ, ನಂಬರಿನ ಗೂಟವೂ ಫೋಟೊದಲ್ಲಿ ಬರಲಿ. ಲೇಟ್ ಬ್ಲೈಟ್ ಬಂತು ಅನ್ನಿಸಿದರೆ ವಾರ ಕಾಯಬೇಡಿ, ಎರಡು ದಿನಕ್ಕೊಮ್ಮೆ ನೋಡಿ, ಅದು ಒಂದು ವಾರದಲ್ಲೇ ಗಿಡ ಮುಗಿಸಬಲ್ಲದು. ಅಂಕ ಬರೆದ ಮೇಲೆ 4 ದಾಟಿದ ಗಿಡ ಕಿತ್ತು ಆಳಕ್ಕೆ ಹೂಳಿ, ಗೊಬ್ಬರದ ಗುಂಡಿಗೆ ಹಾಕಬೇಡಿ.

ಕೊನೆಯ ಅಂಕ ಒಂದನ್ನೇ ನೋಡಿ ತೀರ್ಮಾನ ಮಾಡೋದು ಸರಿಯಲ್ಲ. ಎಲ್ಲ ವಾರದ ಅಂಕ ಕೂಡಿಸಿ. ಉದಾಹರಣೆಗೆ ಒಂದು ಗಿಡಕ್ಕೆ 0, 0, 1, 1, 2, 4 ಬಂದರೆ ಮೊತ್ತ 8. ಇನ್ನೊಂದಕ್ಕೆ 1, 2, 3, 4, 4, 4 ಬಂದರೆ 18. ಕೊನೆಗೆ ಎರಡೂ 4ಕ್ಕೇ ಬಂದು ನಿಂತವು, ಆದರೆ ಮೊದಲನೆಯದು ರೋಗವನ್ನು ವಾರಗಟ್ಟಲೆ ತಡೆದು ಅಷ್ಟರಲ್ಲಿ ಕಾಯಿ ಕೊಟ್ಟಿರುತ್ತದೆ. ಮನೆಯವರಿಗೆ ಬೇಕಾದ್ದು ಅದೇ. ರೋಗ ನಿರೋಧಕ ಅಂದರೆ ಒಂದು ಚುಕ್ಕೆಯೂ ಬರಬಾರದು ಅಂತ ಇಲ್ಲ.

ಇನ್ನೊಂದು ಮಾತು. ಕಾಯಿ ಭಾರ ಹೊತ್ತ ಗಿಡಕ್ಕೆ ಅರ್ಲಿ ಬ್ಲೈಟ್ ಬೇಗ ಹತ್ತುತ್ತೆ. ತಡವಾಗಿ ಕಾಯಿ ಬಿಡುವ ತಳಿ ಹಾಗಾಗಿ ಸುಮ್ಮನೆ ಗಟ್ಟಿ ಅನ್ನಿಸುತ್ತೆ. ಆದಷ್ಟು ಒಂದೇ ಹೊತ್ತಿಗೆ ಹಣ್ಣಾಗುವ ತಳಿಗಳನ್ನೇ ಜೋಡಿ ಮಾಡಿ. ಆಗದಿದ್ದರೆ ಹೂವು ಬಿಟ್ಟ ದಿನ, ಮೊದಲ ಹಣ್ಣಿನ ದಿನ ಬರೆದಿಟ್ಟು ಅದನ್ನೂ ಪಕ್ಕದಲ್ಲಿಟ್ಟುಕೊಂಡು ಓದಿ.

ಒಂದು ಮಳೆಗಾಲ ಸಾಲದು. ಮುಂದಿನ ವರ್ಷ ಬೇರೆ ಮಡಿಯಲ್ಲಿ ಮತ್ತೆ ಮಾಡಿ. ಬದನೆ, ಮೆಣಸಿನಕಾಯಿ, ಆಲೂಗಡ್ಡೆ ಇದ್ದ ಜಾಗ ಬೇಡ, ಎಲ್ಲವೂ ಒಂದೇ ಕುಟುಂಬದವು. ಸಾಧ್ಯವಾದರೆ ಹಾವೇರಿಯಲ್ಲೋ ಗದಗದಲ್ಲೋ ಇರುವ ಗೆಳೆಯರಿಗೆ ಅದೇ ಎರಡು ತಳಿ ಕೊಟ್ಟು, ಅವರಿಂದಲೂ ಇದೇ ಥರ ಅಂಕ ಬರೆಸಿ. ಹೈಬ್ರಿಡ್ ಆದರೆ ಬೀಜ ಎತ್ತಿಡಬೇಡಿ, ಮರುವರ್ಷ ಅದೇ ಗುಣ ಬರಲ್ಲ. ನಾಟಿ ತಳಿಯಾದರೆ ಕಡಿಮೆ ಮೊತ್ತದ ಗಿಡದಿಂದ, ಕಲೆ ಇಲ್ಲದ ಹಣ್ಣಿನಿಂದ ಬೀಜ ತೆಗೆಯಿರಿ. ತಿರುಳಿನ ಜೊತೆ ಎರಡು ದಿನ ಹುಳಿ ಬರಲು ಬಿಟ್ಟು, ತೊಳೆದು, ನೆರಳಲ್ಲಿ ಒಣಗಿಸಿ. ಪೊಟ್ಟಣದ ಮೇಲೆ ವರ್ಷ, ಊರು, ಆ ಗಿಡದ ಮೊತ್ತ, ಪಕ್ಕದ ಹೋಲಿಕೆ ತಳಿಯ ಮೊತ್ತ ಎಲ್ಲವನ್ನೂ ಬರೆದಿಡಿ.