ಅಮ್ಮನಿಗೆ ಓದಿ ಹೇಳಿದ ಮೂರು ಕಾದಂಬರಿಗಳು

ಕಳೆದ ವರ್ಷ ಅಮ್ಮನ ಕಣ್ಣಿಗೆ ಪೊರೆ ಆಪರೇಷನ್ ಆಯಿತು. ದೂರದ್ದೆಲ್ಲ ಚೆನ್ನಾಗಿ ಕಾಣುತ್ತದೆ, ಆದರೆ ಹತ್ತು ನಿಮಿಷ ಪುಸ್ತಕ ಹಿಡಿದರೆ ತಲೆನೋವು ಬರುತ್ತದೆ. ವಾರಪತ್ರಿಕೆಯ ಧಾರಾವಾಹಿಗೆ ಕಾದು ಕೂತು, ಕಂತುಗಳನ್ನು ಕತ್ತರಿಸಿ, ದಬ್ಬಳದಲ್ಲಿ ಹೊಲಿದು ಪುಸ್ತಕ ಮಾಡಿಟ್ಟುಕೊಳ್ಳುತ್ತಿದ್ದವಳು ಅವಳು. ಈಗ ಸುಮ್ನೆ ಟೀವಿ ಮುಂದೆ ಕೂತಿರುವುದು ನೋಡಿ ಸಂಕಟವಾಯಿತು. ರಾತ್ರಿ ಊಟ ಆದ ಮೇಲೆ ನಾನೇ ಓದಿ ಹೇಳ್ತೀನಿ ಅಂದೆ. 'ಹಳೇದೆಲ್ಲ ನಂಗೆ ಗೊತ್ತು. ಈಗಿನವರು ಏನು ಬರೀತಿದಾರೆ, ಅದನ್ನ ಓದು' ಅಂದಳು.

ಮೊದಲು ತೆಗೆದುಕೊಂಡಿದ್ದು ವಿವೇಕ ಶಾನಭಾಗರ 'ಘಾಚರ್ ಘೋಚರ್'. ತೆಳುವಾದ ಪುಸ್ತಕ, ನಾನು ಆಗಲೇ ಎರಡು ಸಲ ಓದಿದ್ದೆ, ಸಲೀಸಾಗಿ ಮುಗಿಯುತ್ತೆ ಅಂದುಕೊಂಡಿದ್ದೆ. ಚಹಾಪುಡಿ ಕಂಪನಿಯ ಸೇಲ್ಸ್‌ಮನ್ ಆಗಿದ್ದ ಅಪ್ಪ, ಇರುವೆ ಕಾಟದ ಪುಟ್ಟ ಮನೆ, ಆಮೇಲೆ ಚಿಕ್ಕಪ್ಪನ ಸೋನಾ ಮಸಾಲಾದಿಂದ ಬಂದ ದುಡ್ಡು, ದೊಡ್ಡ ಮನೆ. ಇರುವೆಗಳ ಭಾಗ ಬಂದಾಗ ಅಮ್ಮ ನಮ್ಮ ಹಳೇ ಬಾಡಿಗೆ ಮನೆಯ ಸಕ್ಕರೆ ಡಬ್ಬದ ನೆನಪು ತೆಗೆದಳು, ಆ ರಾತ್ರಿ ಓದು ಅಲ್ಲಿಗೇ ನಿಂತಿತು.

ನಾಲ್ಕನೆಯ ದಿನವೋ ಐದನೆಯ ದಿನವೋ, ಚಿಕ್ಕಪ್ಪನನ್ನು ಹುಡುಕಿಕೊಂಡು ಒಬ್ಬ ಹೆಂಗಸು ಮನೆ ಬಾಗಿಲಿಗೆ ಬರುವ ಜಾಗ ಬಂತು. ಅವಳು ಚಿಕ್ಕಪ್ಪನಿಗೆ ಅಂತ ಮಸೂರ ಬೇಳೆ ಸಾರು ಮಾಡಿ ತಂದಿರುತ್ತಾಳೆ. ಮನೆಯ ಹೆಂಗಸರು ಅವಳನ್ನು ಬಾಯಿಗೆ ಬಂದಂತೆ ಬೈದು ಓಡಿಸುತ್ತಾರೆ. ಚಿಕ್ಕಪ್ಪ ಒಳಗೇ ಇರುತ್ತಾನೆ, ಹೊರಗೆ ಬರುವುದಿಲ್ಲ. ಅವರೆಕಾಳು ಹಿದುಕುತ್ತಿದ್ದ ಅಮ್ಮನ ಕೈ ನಿಂತಿತು.

'ಕತೆ ಹೇಳ್ತಿರೋ ಆ ಹುಡುಗ ಅಲ್ಲೇ ಇದ್ದನಲ್ವಾ? ಅವನೇನು ಮಾಡ್ತಿದ್ದ?'

ಏನೂ ಮಾಡಲಿಲ್ಲ, ನೋಡುತ್ತಾ ನಿಂತಿದ್ದ ಅಂದೆ.

'ಹಾಗಾದ್ರೆ ಅವನೂ ಅವರ ಜೊತೆಯವನೇ ಬಿಡು' ಅಂದಳು.

ಎರಡು ಸಲ ಓದಿದರೂ ನನಗೆ ಈ ಪ್ರಶ್ನೆ ಇಷ್ಟು ನೇರವಾಗಿ ಹೊಳೆದಿರಲಿಲ್ಲ. ಆ ನಿರೂಪಕ ಎಷ್ಟು ಮೆತ್ತಗೆ, ಎಷ್ಟು ನಯವಾಗಿ ಮಾತಾಡುತ್ತಾನೆ ಅಂದರೆ, ಅವನು ಒಳ್ಳೆಯವನು, ಕೆಟ್ಟದ್ದೆಲ್ಲ ಅವನ ಸುತ್ತ ಇರುವವರದ್ದು ಅಂತ ನಾನು ಒಪ್ಪಿಕೊಂಡುಬಿಟ್ಟಿದ್ದೆ. ಅಮ್ಮನಿಗೆ ಭಾಷೆಯ ನಯ ತಾಗಲಿಲ್ಲ. ಅವಳು ಬಾಗಿಲಲ್ಲಿ ಯಾರ್ಯಾರು ನಿಂತಿದ್ದಾರೆ ಅಂತ ಲೆಕ್ಕ ಹಾಕಿದಳು, ಅಷ್ಟೇ.

ಮಾರನೇ ದಿನ ಮಗಳ ಹಳೇ ನೋಟ್‌ಬುಕ್ ಒಂದನ್ನು ಎತ್ತಿಟ್ಟುಕೊಂಡೆ. ಓದಿದ ಭಾಗ ಮುಗಿದ ಮೇಲೆ ಅದರಲ್ಲಿ ಒಂದೇ ಸಾಲು ಬರೆಯುತ್ತೇನೆ: ಇವತ್ತು ಮಾತಾಡದೇ ಇದ್ದವರು ಯಾರು? ಕತೆಯ ಸಾರಾಂಶ ಬರೆಯುವುದಿಲ್ಲ, ಚೆಂದದ ಸಾಲುಗಳನ್ನೂ ಎತ್ತಿಕೊಳ್ಳುವುದಿಲ್ಲ. 'ಘಾಚರ್ ಘೋಚರ್' ಮುಗಿಯುವ ಹೊತ್ತಿಗೆ ನನ್ನ ಪುಟದಲ್ಲಿ ನಿರೂಪಕನ ಹೆಂಡತಿ ಅನಿತಾಳ ಹೆಸರೇ ಮೇಲಿಂದ ಮೇಲೆ ಬಂದಿತ್ತು. ಆ ಮನೆಯಲ್ಲಿ ಎದುರು ಮಾತಾಡುವವಳು ಅವಳೊಬ್ಬಳೇ. ಆದರೆ ಅವಳ ಮಾತೂ ನಮಗೆ ಸಿಗುವುದು ಗಂಡನ ಬಾಯಿಂದಲೇ. ಕಾದಂಬರಿಯ ಹೆಸರು ಕೂಡ ಅವಳ ತವರಿನ ಪದ, ಅಲ್ವಾ?

ಗಟ್ಟಿಯಾಗಿ ಓದುವುದರಲ್ಲಿ ಇನ್ನೊಂದು ಲಾಭ ಇದೆ. ಕಣ್ಣು ಹಾರಿಸಿಕೊಂಡು ಹೋಗುವ ಸಾಲನ್ನು ಬಾಯಿ ಹಾರಿಸುವುದಿಲ್ಲ. ಮನಸ್ಸಿನಲ್ಲಿ ಓದುವಾಗ ನಾನು ಸಂಭಾಷಣೆಗೆ ಓಡುತ್ತೇನೆ, ವರ್ಣನೆ ಬಂದರೆ ಅರ್ಧಂಬರ್ಧ. ಇಲ್ಲಿ ಎಲ್ಲವನ್ನೂ ಉಚ್ಚರಿಸಲೇಬೇಕು, ಉಸಿರು ಎಲ್ಲಿ ತೆಗೆದುಕೊಳ್ಳಬೇಕು ಅಂತ ನೋಡಬೇಕು, ಆಗಲೇ ಗೊತ್ತಾಗುತ್ತದೆ ಯಾವ ವಾಕ್ಯವನ್ನು ಲೇಖಕರು ಹತ್ತು ಸಲ ತಿದ್ದಿರಬಹುದು, ಯಾವುದನ್ನು ಹಾಗೇ ಬಿಟ್ಟಿರಬಹುದು ಅಂತ.

ಆಮೇಲೆ ಶಾನಭಾಗರದ್ದೇ 'ಸಕೀನಾಳ ಮುತ್ತು', 2021ರ ಕಾದಂಬರಿ. ಇಲ್ಲಿಯೂ ಕತೆ ಹೇಳುವವನು ಗಂಡಸು, ವೆಂಕಟ್. ಬೆಂಗಳೂರಿನಲ್ಲಿ ಕೆಲಸ, ಹೆಂಡತಿ ವಿಜಿ, ಕಾಲೇಜಿಗೆ ಹೋಗುವ ಮಗಳು ರೇಖಾ. ಮಗಳನ್ನು ಕೇಳಿಕೊಂಡು ಇಬ್ಬರು ಹುಡುಗರು ಬಾಗಿಲು ತಟ್ಟುತ್ತಾರೆ, ಅಲ್ಲಿಂದ ಮನೆಯ ನೆಮ್ಮದಿ ಕದಡುತ್ತದೆ. ಇಡೀ ಪುಸ್ತಕ ಮಗಳ ಸುತ್ತ ತಿರುಗುತ್ತದೆ, ಆದರೆ ಮಗಳು ಮಾತ್ರ ಕೈಗೆ ಸಿಗುವುದಿಲ್ಲ. ಮೊದಲು ನನಗೆ ಇದು ಕಾದಂಬರಿಯ ಕೊರತೆ ಅನ್ನಿಸಿತು, ಅಮ್ಮನಿಗೂ ಹಾಗೇ ಹೇಳಿದೆ. ನೋಟ್‌ಬುಕ್ ತಿರುವಿ ಹಾಕಿದಾಗ ಅಭಿಪ್ರಾಯ ಬದಲಾಯಿತು. ರೇಖಾ ಕಾಣದೇ ಇರುವುದಕ್ಕೆ ಕಾರಣ ನೋಡುತ್ತಿರುವವನ ಕಣ್ಣು. ನನಗೂ ಮಗಳಿದ್ದಾಳೆ, ಹತ್ತನೇ ಕ್ಲಾಸು. ಈ ಪುಸ್ತಕ ಓದುತ್ತಿದ್ದ ದಿನಗಳಲ್ಲಿ ಅವಳ ರೂಮಿನ ಬಾಗಿಲು ತಟ್ಟಿ ಒಳಗೆ ಹೋಗಿ, ಏನೂ ವಿಚಾರಿಸದೆ, ಅವಳೇ ಮಾತಾಡಲಿ ಅಂತ ಸ್ವಲ್ಪ ಹೊತ್ತು ಕೂತು ಬರುತ್ತಿದ್ದೆ. ಮೂರನೇ ದಿನ ಅವಳೇ ಶುರು ಮಾಡಿದಳು.

ಮೂರನೆಯದು ವಸುಧೇಂದ್ರರ 'ತೇಜೋ ತುಂಗಭದ್ರಾ', 2019ರಲ್ಲಿ ಬಂದಿದ್ದು. ದಪ್ಪ ಪುಸ್ತಕ, ಎರಡು ತಿಂಗಳು ಹಿಡಿಯಿತು. ಲಿಸ್ಬನ್‌ನಲ್ಲಿ ತೇಜೋ ನದಿ, ಇತ್ತ ವಿಜಯನಗರದ ತುಂಗಭದ್ರೆ. ಅಲ್ಲಿ ಗೇಬ್ರಿಯಲ್ ಮತ್ತು ಯಹೂದಿ ಹುಡುಗಿ ಬೆಲ್ಲಾ, ಇಲ್ಲಿ ಹಂಪಮ್ಮ. ಇದಕ್ಕೆ ನೋಟ್‌ಬುಕ್ ಸಾಲಲಿಲ್ಲ. ಮಗಳ ಶಾಲೆಯ ಅಟ್ಲಾಸ್ ತೆರೆದಿಟ್ಟುಕೊಂಡು ಲಿಸ್ಬನ್‌ನಿಂದ ಆಫ್ರಿಕಾ ಸುತ್ತಿಕೊಂಡು ಬರುವ ಹಡಗಿನ ದಾರಿಯನ್ನು ಪೆನ್ಸಿಲ್‌ನಲ್ಲಿ ಎಳೆದೆ. 1498ರಲ್ಲಿ ವಾಸ್ಕೋ ಡ ಗಾಮ ಕಲ್ಲಿಕೋಟೆಗೆ ಬಂದ, 1509ರಲ್ಲಿ ಕೃಷ್ಣದೇವರಾಯ ಪಟ್ಟಕ್ಕೆ ಬಂದ, 1510ರಲ್ಲಿ ಗೋವಾ ಪೋರ್ಚುಗೀಸರ ಕೈಗೆ ಹೋಯಿತು. ಶಾಲೆಯಲ್ಲಿ ಬೇರೆ ಬೇರೆ ಪಾಠಗಳಾಗಿ ಬಾಯಿಪಾಠ ಮಾಡಿದ್ದ ಈ ಇಸವಿಗಳು ಒಂದೇ ಪೀಳಿಗೆಯ ಜನರ ಜೀವನದೊಳಗೆ ನಡೆದವು ಅಂತ ನನಗೆ ಮನಸ್ಸಿಗೆ ಇಳಿದಿದ್ದು ಈಗಲೇ. ಕೆಲವು ಕಡೆ ಆಚಾರಗಳ ವಿವರ ಜಾಸ್ತಿ ಆಯಿತು, ಕತೆ ಸ್ವಲ್ಪ ಕಾಯುತ್ತದೆ ಅನ್ನಿಸಿದ್ದು ನಿಜ. ಆದರೆ ಸಹಗಮನದ ಭಾಗ ಓದುವಾಗ ನನ್ನ ದನಿ ನಡುಗಿತು. ಅಮ್ಮ ನೀರು ತಂದುಕೊಟ್ಟಳು. 'ನಾಳೆ ಓದುವಿಯಂತೆ' ಅನ್ನಲಿಲ್ಲ. 'ಮುಂದೆ ಹೇಳು' ಅಂದಳು.

ಅದು ಮುಗಿದ ಮೇಲೆ ಯಾವುದು ಓದೋಣ ಅಂತ ಕೇಳಿದೆ. ಮೊದಲನೆಯದನ್ನೇ ಇನ್ನೊಂದು ಸಲ ಅಂದಳು. ಹೋದ ಭಾನುವಾರ ಮತ್ತೆ ಶುರು ಮಾಡಿದೆವು. ಮೊದಲ ಪುಟಗಳಲ್ಲೇ ಕಾಫಿ ಹೌಸ್, ಅಲ್ಲಿನ ವೇಟರ್ ವಿನ್ಸೆಂಟ್. ಮೊದಲ ಸಲ ಇಬ್ಬರೂ ಅವನನ್ನು ದಾಟಿಕೊಂಡು ಹೋಗಿದ್ದೆವು.

'ನಿಧಾನಕ್ಕೆ ಓದು,' ಅಂದಳು ಅಮ್ಮ, 'ಇವನೂ ಜಾಸ್ತಿ ಮಾತಾಡಲ್ಲ.'